ನಿಷಿದ್ಧ ಪ್ರಣಯವೂ ಕಥೆಯ ಸತ್ಯವೂ

ಲೋಕವು ನಿಷೇಧಿಸಿದ ಪ್ರಣಯವನ್ನು ಕಥೆಯಲ್ಲಿ ವರ್ಣಿಸಬಹುದೇ, ವರ್ಣಿಸಿದರೆ ಅದರಲ್ಲಿ ಕಲ್ಪನೆಯೆಷ್ಟು, ನಂಬುಗೆಯೆಷ್ಟು ಇರತಕ್ಕದ್ದು ಎಂಬ ಪ್ರಶ್ನೆಯು ಹೋದ ಶ್ರಾವಣದಲ್ಲಿ ತಳಕಲ್ಲಿನ ನನ್ನ ಮನೆಯ ಕಟ್ಟೆಗೇ ಬಂದಿತು. ನನ್ನಲ್ಲಿ ಓದಿದ ತರುಣನೊಬ್ಬನು, ವಿವಾಹಿತೆಯೊಬ್ಬಳ ಪರಪುರುಷಾನುರಾಗವನ್ನು ಕುರಿತು ತಾನು ಬರೆದ ಕಥೆಯನ್ನು ತಂದು ಅಭಿಪ್ರಾಯವನ್ನು ಬೇಡಿದನು. ನಾಲ್ಕು ಪುಟಗಳನ್ನೋದಿ, ‘ಇದು ಅಶ್ಲೀಲವು’ ಎಂದು ಹಿಂದಿರುಗಿಸಿದೆನು. ಆತನು ವಿನಯದಿಂದಲೇ, ‘ಗುರುಗಳೇ, ಯಶೋಧರಚರಿತೆಯನ್ನು ಪಾಠ ಹೇಳುವಾಗ ತಾವು ಅಮೃತಮತಿಯ ಭಾಗವನ್ನು ಬಿಟ್ಟು ಮುಂದಕ್ಕೆ ಹೋದಿರಿ. ಅದೂ ಅಶ್ಲೀಲವೇ?’ ಎಂದನು. ನನಗೆ ಉತ್ತರವು ತೋಚಲಿಲ್ಲ. ಅದನ್ನು ಈಗ ವಾಚಕರ ಸಮಕ್ಷಮದಲ್ಲಿ ಹೇಳಲು ಯತ್ನಿಸುವೆನು.

ಜನ್ನಕವಿಯು 1209ರಲ್ಲಿ ರಚಿಸಿದ ಆ ಕಾವ್ಯದಲ್ಲಿ ಉಜ್ಜಯಿನಿಯ ರಾಣಿಯು ಕುರೂಪಿಯಾದ ಮಾವುತನಿಗೆ ಮನಸೋಲುವಳು. ಇಷ್ಟನ್ನೇ ಹೇಳಿದರೆ ನಂಬುವವರಾರು? ಆದುದರಿಂದ ಕವಿಯು ಮೊದಲು ರೂಪವನ್ನು ತೋರಿಸದೆ ಗಾನವನ್ನು ಕೇಳಿಸುವನು. ದಾಸಿಯು ಬಂದು ಆತನ ವಿಕಾರವನ್ನು ಬಣ್ಣಿಸುವ ಹೊತ್ತಿಗೆ ರಾಣಿಯ ಕಿವಿಯು ಆಗಲೇ ಸೋತಿರುವದು. ಮುಂದೆ ಆಕೆಯು ತಡವಾಗಿ ಹೋದಾಗ ಮಾವುತನು ಹೊಡೆಯುವನು. ಮರೆಯಿಂದ ಕಂಡ ಅರಸನು ಖಡ್ಗವನ್ನೆತ್ತಿ ತಡೆದುಕೊಳ್ಳುವನು. ಕವಿಯು ಯಾರಿಗೂ ಸುಖವನ್ನು ಪುಕ್ಕಟೆಯಾಗಿ ಕೊಟ್ಟಿಲ್ಲ.

ಅದೇ ಕಾವ್ಯದಲ್ಲಿ ಬಲಿಗೆಂದು ಮಾಡಿದ ಹಿಟ್ಟಿನ ಕೋಳಿಯು ಕೂಗುವದು. ತಾಯಿಮಕ್ಕಳು ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲುವರು. ಇದು ಲೋಕದಲ್ಲಿ ಸಂಭವಿಸದು. ಆದರೂ ನಾವು ಒಪ್ಪುವೆವು. ಏಕೆಂದರೆ ಕೊಲ್ಲುವ ಸಂಕಲ್ಪವೂ ಹಿಂಸೆಯೇ ಎಂಬ ಸತ್ಯಕ್ಕೆ ಆ ಅದ್ಭುತವು ಆಳಾಗಿ ದುಡಿಯುವದು. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕಕ್ಕೆ ಈ ಕಥೆಯನ್ನೇ ಆಯ್ದುದು ಸುಮ್ಮನೆ ಅಲ್ಲ.

ರಸಭಂಗಕ್ಕೆ ಅನೌಚಿತ್ಯವೇ ಕಾರಣವೆಂದು 9ನೆಯ ಶತಮಾನದ ಆನಂದವರ್ಧನನು ಹೇಳಿರುವನು. ಪಾಠಶಾಲೆಯಲ್ಲಿ ಆ ಮಾತನ್ನು ನಾನು ಬೆತ್ತವೆಂದು ಕಲಿತೆನು. ಅದು ತಕ್ಕಡಿಯೆಂದು ಈಗ ತಿಳಿಯಿತು. ‘ಇದು ನಿಷಿದ್ಧವೇ?’ ಎಂದಷ್ಟೇ ಕೇಳಿದರೆ ಸಾಲದು. ಈ ಪಾತ್ರಕ್ಕೆ, ಈ ಸ್ಥಳಕ್ಕೆ, ಈ ಹೊತ್ತಿಗೆ ಇದು ಉಚಿತವೇ ಎಂದು ಕೇಳಬೇಕು.

ಕಥೆಯನ್ನು ಮರಳಿ ತರಿಸಿಕೊಂಡು ಪೂರ್ಣವಾಗಿ ಓದಿದೆನು. ಅದರ ನಾಯಿಕೆಯು ನಮ್ಮೂರಿನಂಥ ಊರಿನಲ್ಲಿ ನಡುರಾತ್ರಿ ಮನೆಬಿಟ್ಟು ಸ್ಟೇಷನ್ನಿನ ಹಾದಿಯಲ್ಲಿ ಪ್ರಿಯನನ್ನು ಕೂಡಿ ಬರುವಳು. ಓಣಿಯಲ್ಲಿ ಒಂದು ನಾಯಿಯೂ ಬೊಗಳದು, ಅತ್ತೆಗೆ ಎಚ್ಚರವಾಗದು, ಆಕೆಗೆ ಅಂಜಿಕೆಯೂ ಇಲ್ಲ. ಹೊಸ ಮುಖವೊಂದು ರೈಲಿನಿಂದಿಳಿದರೆ ಸಂಜೆಯೊಳಗೆ ಓಣಿಗೆಲ್ಲ ತಿಳಿಯುವ ಊರಿದು! ಕಥೆಯಲ್ಲಿ ಕಾಮವಿದ್ದುದು ದೋಷವಲ್ಲ; ಆಕೆಗೆ ಸ್ವಂತ ಮನಸ್ಸಿಲ್ಲದುದು ದೋಷವು. ಆಕೆಯು ಹೆಂಗಸಲ್ಲ, ಸೀರೆಯುಟ್ಟ ಲೇಖಕನ ಬಯಕೆ. ಅಮೃತಮತಿಯಾದರೋ ದಾಸಿಯೊಡನೆ ವಾದಿಸುವಳು, ಗಂಡನಿಗೆ ವಿಷವನ್ನೂ ಇಕ್ಕುವಳು. ಜನ್ನನು ಆಕೆಯನ್ನು ಕೊನೆಗೆ ಖಂಡಿಸುವನು, ನಿಜ. ಆದರೆ ಅದಕ್ಕೂ ಮೊದಲು ಆಕೆಯ ಮಾತನ್ನು ಕೇಳಿಸಿರುವನು.

ಆತನಿಗೆ ಅಂದೇ ಇಷ್ಟನ್ನು ಹೇಳಬೇಕಾಗಿದ್ದಿತು. ಒಂದು ಶಬ್ದದಿಂದ ಬಾಯಿ ಮುಚ್ಚಿಸಿದುದು ಉಪಾಧ್ಯಾಯನ ಧರ್ಮವಲ್ಲ. ತರಗತಿಯಲ್ಲಿ ನಾನು ದಾಟಿಹೋದ ಪದ್ಯಗಳನ್ನು ಈಗ ಆತನೊಡನೆ ಕುಳಿತು ಓದುತ್ತಿರುವೆನು. ನನ್ನ ವಿಚಾರದಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕಾಗಿ ವಿನಂತಿ.