ದುರ್ಯೋಧನನಿಗೆ ಉದ್ಧಾರವುಂಟೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಯಲಾಟವನ್ನೋ ಪೌರಾಣಿಕ ನಾಟಕವನ್ನೋ ಆಡುವ ಪದ್ಧತಿ ಹಳೆಯದು. 'ಕುರುಕ್ಷೇತ್ರ' ನಾಟಕವನ್ನು ಕಂಡವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಗದೆಯನ್ನು ಹೆಗಲಿಗೇರಿಸಿ ದುರ್ಯೋಧನನು ರಂಗಕ್ಕೆ ಬಂದೊಡನೆ ಜನಸ್ತೋಮವು ಹರ್ಷೋದ್ಗಾರ ಮಾಡುತ್ತದೆ. ಧರ್ಮರಾಯನ ಪ್ರವೇಶಕ್ಕೆ ಅಷ್ಟು ಸದ್ದಿರುವುದಿಲ್ಲ. ಅದೇ ಜನರು ದೇವಾಲಯದ ಪ್ರವಚನದಲ್ಲಿ ಕುಳಿತು, ದುರ್ಯೋಧನನು ಸಾಕ್ಷಾತ್ ಕಲಿಯೆಂದೂ ಅವನ ಗತಿ ಅಂಧಂತಮಸ್ಸೆಂದೂ ಕೇಳುತ್ತಾರೆ. ಆಗ ಮನೆಯ ಕಿರಿಯರು ಕೇಳುವ ಪ್ರಶ್ನೆ ಸಹಜವಾದುದೇ: "ಅಷ್ಟು ಶೂರ, ಕರ್ಣನಿಗೆ ಅಂಗರಾಜ್ಯವನ್ನು ಕೊಟ್ಟ ಸ್ನೇಹಿತ, ಕೊನೆಯ ಗಳಿಗೆಯವರೆಗೂ ತಲೆಬಾಗದ ಅಭಿಮಾನಿ. ಇಂಥವನಲ್ಲಿ ಒಳ್ಳೆಯದೆಂಬುದು ಲೇಶವೂ ಇಲ್ಲವೆ? ಅವನಿಗೆ ಉದ್ಧಾರವೇ ಇಲ್ಲವೆ?"

ಈ ಪ್ರಶ್ನೆ ಇಂದಿನದಲ್ಲ. ಸಾವಿರ ವರ್ಷಗಳ ಹಿಂದೆಯೇ ಚಾಲುಕ್ಯರ ಆಸ್ಥಾನದ ರನ್ನಕವಿಯು ತನ್ನ 'ಗದಾಯುದ್ಧ'ದಲ್ಲಿ ಇದನ್ನು ಎತ್ತಿದ್ದಾನೆ. ಕಾವ್ಯಕ್ಕೆ ನಾಯಕನು ಭೀಮನೇ. 'ಸಾಹಸಭೀಮವಿಜಯ'ವೆಂಬುದು ಅದರ ಇನ್ನೊಂದು ಹೆಸರು. ಆದರೂ ಸಂಜಯನೊಡನೆ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ, ಶತ್ರುಪುತ್ರನಾದ ಅಭಿಮನ್ಯುವಿನ ಶೌರ್ಯವನ್ನೂ ಮನಸಾರೆ ಮೆಚ್ಚುವ ದುರ್ಯೋಧನನೇ ಓದುಗರ ಹೃದಯದಲ್ಲಿ ನಿಲ್ಲುತ್ತಾನೆ. ಈ ಕಾವ್ಯವನ್ನಾಧರಿಸಿ 2019ರಲ್ಲಿ ತೆರೆಗೆ ಬಂದ 'ಕುರುಕ್ಷೇತ್ರ' ಚಲನಚಿತ್ರವು ದುರ್ಯೋಧನನನ್ನೇ ನಾಯಕನನ್ನಾಗಿ ಮಾಡಿಕೊಂಡಿತು. ನಾಗಚಂದ್ರನ ರಾವಣನೂ ಪಶ್ಚಾತ್ತಾಪಪಡುವವನೇ. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕಾವ್ಯದಲ್ಲಿಯೂ ರಾವಣನ ಹೃದಯವು ಪರಿವರ್ತನೆ ಹೊಂದುತ್ತದೆ. ದುಷ್ಟನಲ್ಲಿಯೂ ಶಿಷ್ಟತೆಯ ಕಿಡಿಯನ್ನು ಅರಸುವುದು ಕನ್ನಡ ಕವಿಗಳ ಹೃದಯಗುಣವೆಂದೇ ಹೇಳಬೇಕು.

ಕವಿಯ ಪಾತ್ರವು ಕವಿಯ ಸೃಷ್ಟಿ. ಅದಕ್ಕೆ ಪಶ್ಚಾತ್ತಾಪವನ್ನು ಕೊಡಲು ಅವನು ಸ್ವತಂತ್ರನು. ಭಗವಾನ್ ವೇದವ್ಯಾಸರ ಭಾರತವಾದರೋ ನಮಗೆ ಇತಿಹಾಸ. ಆದುದರಿಂದ ರನ್ನನೊಡನೆ ಜಗಳವಾಡದೆ, ಮೂಲ ಭಾರತದ ದುರ್ಯೋಧನನಲ್ಲಿ ಯಾವ ಅಂಶವು ಅವನನ್ನು ಉದ್ಧಾರದಿಂದ ಆಚೆಗಿಟ್ಟಿತೆಂಬುದನ್ನು ವಿಚಾರಿಸೋಣ.

ಮೊದಲು, ಯಾವುದು ಕಾರಣವಲ್ಲವೆಂಬುದನ್ನು ತಿಳಿಯಬೇಕು. ಪಾಪದ ಗಾತ್ರವು ಕಾರಣವಲ್ಲ. ಇರುಳಿನಲ್ಲಿ ಮಲಗಿದ್ದ ಐವರು ದ್ರೌಪದೀಪುತ್ರರನ್ನು ಕೊಂದವನು ಅಶ್ವತ್ಥಾಮನು. ಅಷ್ಟೇ ಸಾಲದೆಂದು ಉತ್ತರೆಯ ಗರ್ಭದ ಮೇಲೂ ಅಸ್ತ್ರವನ್ನು ಪ್ರಯೋಗಿಸಿದನು. ಇದಕ್ಕಿಂತ ಘೋರವಾದ ಕೃತ್ಯವು ಭಾರತದಲ್ಲಿ ಮತ್ತಾವುದಿದೆ? ಅವನಿಗೆ ಕಠಿನವಾದ ಶಿಕ್ಷೆಯೂ ಆಯಿತು. ಆದರೂ ಅವನು ರುದ್ರಾಂಶಸಂಭೂತನು. ಮುಂದಣ ಸಾವರ್ಣಿ ಮನ್ವಂತರದಲ್ಲಿ ಸಪ್ತರ್ಷಿಗಳಲ್ಲೊಬ್ಬನಾಗುವನೆಂದು ಭಾಗವತದ ಅಷ್ಟಮ ಸ್ಕಂಧವು ಹೇಳುತ್ತದೆ. ಕೃತ್ಯವು ಕೆಟ್ಟಿತು, ಜೀವನು ಕೆಡಲಿಲ್ಲ.

ಗುಣಗಳ ಅಭಾವವೂ ಕಾರಣವಲ್ಲ. ದುರ್ಯೋಧನನಲ್ಲಿ ಶೌರ್ಯವಿತ್ತು, ಔದಾರ್ಯವಿತ್ತು. ಇದನ್ನು ಶಾಸ್ತ್ರವು ಮರೆಮಾಚುವುದಿಲ್ಲ. ಸ್ವರ್ಗಾರೋಹಣ ಪರ್ವದಲ್ಲಿ ಧರ್ಮರಾಯನು ಮೊದಲು ಕಂಡದ್ದು ಸ್ವರ್ಗದ ಪೀಠದಲ್ಲಿ ಕುಳಿತ ದುರ್ಯೋಧನನನ್ನೇ. ರಣದಲ್ಲಿ ಬೆನ್ನು ತೋರದೆ ಮಡಿದುದರ ಫಲವದು. ಆದರೆ ಸ್ವರ್ಗವು ಪುಣ್ಯವಿರುವಷ್ಟು ಕಾಲದ ಭೋಗವೇ ಹೊರತು ಉದ್ಧಾರವಲ್ಲ. ಗುಣದ ಕೂಲಿ ಗುಣಕ್ಕೆ ಸಂದಿತು; ಆ ಗುಣವು ಯಾವುದರ ಸೇವೆಯಲ್ಲಿತ್ತೆಂಬುದು ಬೇರೆಯೇ ಪ್ರಶ್ನೆ. ಕರ್ಣನಿಗೆ ರಾಜ್ಯ ಕೊಟ್ಟ ಕೈ ಅರ್ಜುನನಿಗೆ ಎದುರಾಳಿಯನ್ನು ಹುಡುಕುತ್ತಿದ್ದ ಕೈಯೇ ಅಲ್ಲವೆ?

ಹಾಗಾದರೆ ಕಾರಣವಾವುದು? ವನಪರ್ವದ ಘೋಷಯಾತ್ರೆಯ ಪ್ರಸಂಗವನ್ನು ನೆನೆಯಿರಿ. ಕಾಡಿನಲ್ಲಿ ಬಡವಾಗಿದ್ದ ಪಾಂಡವರ ದುಃಸ್ಥಿತಿಯನ್ನು ಕಣ್ಣಾರೆ ಕಂಡು ಆನಂದಿಸಲು ದುರ್ಯೋಧನನು ಪರಿವಾರ ಸಮೇತನಾಗಿ ದ್ವೈತವನಕ್ಕೆ ಹೋದನು. ಅಲ್ಲಿ ಚಿತ್ರಸೇನನೆಂಬ ಗಂಧರ್ವನು ಅವನನ್ನು ಸೆರೆಹಿಡಿದನು. ಸುದ್ದಿ ತಿಳಿದ ಧರ್ಮರಾಯನು ಭೀಮಾರ್ಜುನರನ್ನು ಕಳುಹಿಸಿ ಬಿಡಿಸಿದನು. ವಿಷವನ್ನುಣಿಸಿದವನನ್ನು, ಅರಗಿನ ಮನೆಯಲ್ಲಿ ಸುಡಲೆಳಸಿದವನನ್ನು, ಪತ್ನಿಯನ್ನು ಸಭೆಗೆ ಎಳೆಯಿಸಿದವನನ್ನು ಅವರೇ ಉಳಿಸಿದರು. ಎಂತಹ ಕಲ್ಲೆದೆಯೂ ಕರಗಬೇಕಾದ ಗಳಿಗೆಯದು. ಆದರೆ ದುರ್ಯೋಧನನಿಗೆ ಉಂಟಾದದ್ದು ಕೃತಜ್ಞತೆಯಲ್ಲ, ತಾಳಲಾರದ ಅಪಮಾನ. ಉಪವಾಸವಿದ್ದು ಸಾಯುವೆನೆಂದು ಕುಳಿತನು. ಆಗ ಶಕುನಿಯೇ, ನೆನಪಿಡಿ, ಶಕುನಿಯೇ, ಪಾಂಡವರು ಮಾಡಿದ ಉಪಕಾರವನ್ನು ಸ್ಮರಿಸಿ ಅವರ ರಾಜ್ಯವನ್ನು ಅವರಿಗೆ ಹಿಂದಿರುಗಿಸಿ ಧರ್ಮವನ್ನೂ ಕೀರ್ತಿಯನ್ನೂ ಪಡೆಯೆಂದು ಬುದ್ಧಿ ಹೇಳಿದನು! ಅದೂ ರುಚಿಸಲಿಲ್ಲ. ಪಾತಾಳದ ದಾನವರು ಅವನನ್ನು ಕರೆಯಿಸಿಕೊಂಡು ಪಾಂಡವರ ನಾಶದ ಆಸೆಯನ್ನು ತೋರಿಸಿದ ಮೇಲೆಯೇ ಅವನಿಗೆ ಬದುಕುವ ಇಚ್ಛೆ ಮರಳಿತು.

ಶುದ್ಧ ದುಷ್ಟತನದ ಲಕ್ಷಣವು ಇಲ್ಲಿ ಸ್ಪಷ್ಟವಾಗಿದೆ. ಒಳಿತನ್ನು ಅರಿಯದೆ ತಪ್ಪುವುದು ಒಂದು. ಅರಿತೂ ಬಲಹೀನತೆಯಿಂದ ಜಾರುವುದು ಇನ್ನೊಂದು. ಅಜಾಮಿಳನು ಜಾರಿದವನು, ಬಾಗಿಲು ತೆರೆದೊಡನೆ ಒಳಗೆ ಬಂದನು. ಒಳಿತನ್ನು ಒಳಿತೆಂದು ಅರಿತು, ಅದು ಒಳಿತಾಗಿರುವುದರಿಂದಲೇ ಅದನ್ನು ದ್ವೇಷಿಸುವುದು ಮೂರನೆಯದು. ಇಂಥವನಿಗೆ ತೋರಿದ ದಯೆಯು ದ್ವೇಷದ ಉರಿಗೆ ಎಣ್ಣೆಯಾಗುತ್ತದೆ. ಶ್ರೀಕೃಷ್ಣನು ಸಂಧಿಗೆ ಬಂದಾಗ ಐದು ಊರುಗಳನ್ನೂ ನಿರಾಕರಿಸಿ, ಅವನನ್ನೇ ಕಟ್ಟಲು ಹವಣಿಸಿದನು. ಸಭೆಯಲ್ಲಿ ವಿಶ್ವರೂಪವು ಪ್ರಕಟವಾದ ಮೇಲೂ ಹಟ ಕರಗಲಿಲ್ಲ. ತೆರೆದ ಬಾಗಿಲುಗಳ ಎಣಿಕೆ ಹೆಚ್ಚಿದಷ್ಟೂ ಅವನು ದೂರ ಸರಿದನು.

ಲೋಕದ ಇತರ ಮಹಾಕವಿಗಳೂ ಈ ಭೇದವನ್ನು ಕಂಡವರೇ. ಆಂಗ್ಲ ನಾಟಕಕಾರ ಶೇಕ್ಸ್‌ಪಿಯರನ ಮ್ಯಾಕ್‌ಬೆತ್ ರಾಜನನ್ನು ಕೊಂದವನಾದರೂ ಅವನನ್ನು ಅಂತಃಸಾಕ್ಷಿಯು ಸುಡುತ್ತಲೇ ಇರುತ್ತದೆ. ಅದೇ ಕವಿಯ 'ಒಥೆಲೊ' ನಾಟಕದ ಇಯಾಗೊ ಸ್ವಂತ ಕೈಯಿಂದ ಕೊಂದದ್ದು ಕಡಮೆಯೇ. ಆದರೆ ನಿರ್ದೋಷಿಗಳ ಸಂಸಾರವನ್ನು ಏಕೆ ಕೆಡಿಸಿದೆಯೆಂದು ಕೇಳಿದಾಗ ಇನ್ನು ಮಾತನಾಡೆನೆಂದು ಬಾಯಿ ಮುಚ್ಚುತ್ತಾನೆ. ಓದುಗರ ಮೈ ನಡುಗುವುದು ಇಯಾಗೊನನ್ನು ಕಂಡೇ.

ಶ್ರೀಮದಾಚಾರ್ಯರು ಈ ಲಕ್ಷಣಕ್ಕೆ ಮೂಲವನ್ನು ಜೀವಸ್ವರೂಪದಲ್ಲಿಯೇ ತೋರಿಸಿಕೊಟ್ಟರು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ಜೀವರು ತ್ರಿವಿಧರು. ದುರ್ಯೋಧನನು ತಮೋಯೋಗ್ಯರಲ್ಲಿ ಅಗ್ರಣಿಯಾದ ಕಲಿಯೆಂದು ಮಹಾಭಾರತತಾತ್ಪರ್ಯನಿರ್ಣಯವು ಸಾರುತ್ತದೆ. ಜಗನ್ನಾಥದಾಸರು ಹರಿಕಥಾಮೃತಸಾರದಲ್ಲಿ ದೈತ್ಯರ ತಾರತಮ್ಯಕ್ಕಾಗಿಯೇ ಒಂದು ಸಂಧಿಯನ್ನು ಮೀಸಲಿಟ್ಟಿದ್ದಾರೆ. ಸ್ವಭಾವವೇ ಹಾಗಿದ್ದರೆ ಅವನದೇನು ತಪ್ಪೆಂದು ಆಕ್ಷೇಪಿಸುವವರುಂಟು. ಆದರೆ ಜೀವನಿಗೆ ಈಶ್ವರಾಧೀನವಾದ ಕರ್ತೃತ್ವವುಂಟೆಂಬುದು ನಮ್ಮ ಸಿದ್ಧಾಂತ. ದುರ್ಯೋಧನನನ್ನು ಯಾರೂ ಬಲವಂತದಿಂದ ದೂಡಲಿಲ್ಲ. ಭೀಷ್ಮ, ವಿದುರ, ಗಾಂಧಾರಿಯರೆಲ್ಲರೂ ತಡೆದರು. ಅವನು ಇಷ್ಟಪಟ್ಟೇ ನಡೆದನು. ಶ್ರೀಹರಿಯು ಯಾರ ಸ್ವರೂಪವನ್ನೂ ಹೊಸದಾಗಿ ಕೆಡಿಸಿದವನಲ್ಲ. ಇದ್ದುದನ್ನು ಹೊರಗೆ ತಂದು ಅದಕ್ಕೆ ತಕ್ಕ ಗತಿಯನ್ನು ಕೊಡುವವನು.

ಇಲ್ಲಿಗೆ ವಿಚಾರವು ಮುಗಿದಂತೆ ಕಾಣಬಹುದು. ಆದರೆ ಸಾಧಕರಿಗೆ ನಿಜವಾದ ಅಪಾಯವು ಇಲ್ಲಿಂದಲೇ ಪ್ರಾರಂಭ. ಆಸ್ತಿ ವಿಭಾಗದಲ್ಲಿ ಮನಸ್ಸು ಮುರಿದ ಅಣ್ಣನನ್ನೋ, ಮನೆತನದ ಮಾತು ಮೀರಿದ ಮಗನನ್ನೋ ಕುರಿತು, "ಅವನು ತಾಮಸ ಜೀವಿ, ಸರಿಹೋಗುವವನಲ್ಲ" ಎಂದು ತೀರ್ಪು ಕೊಟ್ಟುಬಿಡುವುದನ್ನು ನಮ್ಮ ಮನೆಗಳಲ್ಲಿ ಕೇಳದವರಾರು? ಶಾಸ್ತ್ರದ ಮಾತು ಹೀಗೆ ಮನೆಜಗಳದ ಆಯುಧವಾಗುತ್ತದೆ.

ತಮೋಯೋಗ್ಯರು ಇದ್ದಾರೆಂಬುದು ಸಿದ್ಧಾಂತ. ಇವನೇ ತಮೋಯೋಗ್ಯನೆಂಬುದು ಸರ್ವಜ್ಞನ ಮಾತು. ದುರ್ಯೋಧನನ ಅಂತರಂಗವನ್ನು ನಮಗೆ ತಿಳಿಸಿದವರು ವ್ಯಾಸರು, ತಾತ್ಪರ್ಯವನ್ನು ನಿರ್ಣಯಿಸಿದವರು ಆಚಾರ್ಯರು. ನೆರೆಯವನ ಅಂತರಂಗವನ್ನು ನಮಗೆ ಹೇಳಿದವರಾರು? ಪೂತನಿಯ ದೃಷ್ಟಾಂತವನ್ನೇ ನೋಡಿರಿ. ವಿಷದ ಮೊಲೆಯನ್ನು ಕೊಡಬಂದ ಒಂದೇ ದೇಹದಲ್ಲಿ ತಾಟಕೆಯೂ ಇದ್ದಳು, ಶಾಪಗ್ರಸ್ತೆಯಾದ ಊರ್ವಶಿಯೂ ಇದ್ದಳು. ಒಬ್ಬಳಿಗೆ ಅಧೋಗತಿ, ಮತ್ತೊಬ್ಬಳಿಗೆ ಸ್ವರ್ಗ. ಹಿರಣ್ಯಕಶಿಪು, ರಾವಣ, ಶಿಶುಪಾಲರ ದೇಹಗಳಲ್ಲಿ ಅಸುರನೊಡನೆ ವೈಕುಂಠದ ದ್ವಾರಪಾಲಕನೂ ಇದ್ದನು. ಗೋಕುಲದಲ್ಲಿ ನಿಂತು ನೋಡಿದವರಿಗೆ ಕಂಡದ್ದು ಒಬ್ಬಳು ರಾಕ್ಷಸಿ ಮಾತ್ರ. ಕೃತ್ಯವನ್ನು ಕಾಣುವ ಕಣ್ಣು ನಮಗುಂಟು. ಅದರೊಳಗೆ ಯಾರು ಯಾರಿದ್ದಾರೆಂದು ಕಾಣುವ ಕಣ್ಣಿಲ್ಲ.

ಆದುದರಿಂದಲೇ ಶಾಸ್ತ್ರವು ಒಂದು ಆಶ್ಚರ್ಯಕರವಾದ ಕ್ರಮವನ್ನು ಅನುಸರಿಸಿದೆ. ಅತ್ಯಂತ ನೊಂದವರ ಬಾಯಿಂದಲೇ ಕ್ಷಮೆಯ ಮಾತನ್ನು ಆಡಿಸಿದೆ. ಐವರು ಮಕ್ಕಳನ್ನು ಕಳೆದುಕೊಂಡ ದ್ರೌಪದಿಯೇ, ಕಟ್ಟಿ ತಂದ ಅಶ್ವತ್ಥಾಮನನ್ನು ಬಿಟ್ಟುಬಿಡಿರೆಂದೂ, ತಾನು ಅಳುತ್ತಿರುವಂತೆ ಅವನ ತಾಯಿ ಅಳದಿರಲೆಂದೂ ಬೇಡಿಕೊಂಡಳು. ಬೆಟ್ಟದಿಂದ ದೂಡಿಸಿದ, ವಿಷವನ್ನಿಕ್ಕಿಸಿದ ತಂದೆಯ ಶುದ್ಧಿಗಾಗಿ ಪ್ರಹ್ಲಾದನೇ ನರಸಿಂಹನನ್ನು ಪ್ರಾರ್ಥಿಸಿದನು. ತುಂಗಭದ್ರಾ ತೀರದ ಹೊನ್ನಾಳಿಯ ರಾಯರ ಮಠದಲ್ಲಿ ಪ್ರಹ್ಲಾದಾವತಾರರಾದ ಗುರುಗಳಿಗೆ ಪ್ರದಕ್ಷಿಣೆ ಹಾಕುವ ನಾವು ಈ ಪ್ರಾರ್ಥನೆಯನ್ನು ಮರೆಯಬಾರದು. ತಂದೆಯು ಉದ್ಧಾರಯೋಗ್ಯನೋ ಅಲ್ಲವೋ ಎಂದು ಪ್ರಹ್ಲಾದನು ನಿರ್ಣಯಿಸಹೋಗಲಿಲ್ಲ. ನಿರ್ಣಯವನ್ನು ಸ್ವಾಮಿಗೆ ಬಿಟ್ಟನು, ಪ್ರಾರ್ಥನೆಯನ್ನು ತಾನಿಟ್ಟುಕೊಂಡನು.

ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಹಿರಣ್ಯಕಶಿಪುವಿನ ಕರುಳನ್ನು ಬಗೆದ ನರಸಿಂಹನು ಅನಂತರ ಪ್ರಹ್ಲಾದನಿಗೆ ಇತ್ತ ಆಜ್ಞೆಗಳಲ್ಲಿ ತಂದೆಯ ಉತ್ತರಕ್ರಿಯೆಯನ್ನು ಮಾಡೆಂಬುದೂ ಒಂದು. ಧರ್ಮವನ್ನು ತೊರೆದ ಅಣ್ಣನಿಗೆ ಸಂಸ್ಕಾರ ಮಾಡಲಾರೆನೆಂದು ವಿಭೀಷಣನು ಹಿಂಜರಿದಾಗ, ವೈರವು ಮರಣದೊಡನೆ ಮುಗಿಯಿತು, ಅವನು ನಿನಗೆ ಹೇಗೋ ನನಗೂ ಹಾಗೆಯೇ ಎಂದು ಶ್ರೀರಾಮನು ಹೇಳಿದನು. ಯುದ್ಧಾನಂತರ ಧರ್ಮರಾಯನು ವಿದುರ, ಸಂಜಯ, ಧೌಮ್ಯರೇ ಮೊದಲಾದವರಿಗೆ ಅಪ್ಪಣೆಯಿತ್ತು ದುರ್ಯೋಧನನಿಗೂ ವಿಧಿವತ್ತಾಗಿ ದಹನಸಂಸ್ಕಾರವನ್ನು ಮಾಡಿಸಿದನು. ದುಷ್ಟರೆಂದು ಶಾಸ್ತ್ರವೇ ಹೆಸರಿಟ್ಟು ಹೇಳಿದ ಈ ಮೂವರ ವಿಷಯದಲ್ಲಿಯೂ ಬಂಧುಗಳ ಕರ್ತವ್ಯವು ಲೋಪವಾಗಲಿಲ್ಲ. ಹಾಗಿರುವಾಗ, ಮನಸ್ತಾಪವಿದೆಯೆಂದು ಸೋದರನ ಸಂಸ್ಕಾರಕ್ಕೆ ಹೋಗದೆ ಉಳಿಯುವ ನಾವು ಯಾವ ಪ್ರಮಾಣವನ್ನು ಆಶ್ರಯಿಸಿದಂತಾಯಿತು?

ಕ್ಷಮೆಯೆಂದರೆ ದುಷ್ಟತನಕ್ಕೆ ಎಡೆಗೊಡುವುದೆಂದು ಭ್ರಮಿಸಬಾರದು. ನರಸಿಂಹನು ಕೊಂದೇ ಕೊಂದನು. ಭೀಮಸೇನನು ತೊಡೆಯನ್ನು ಮುರಿದೇ ಮುರಿದನು. ವಿಭೀಷಣನು ಅಣ್ಣನ ಮನೆಯನ್ನು ತೊರೆದುಬಂದದ್ದೂ ಧರ್ಮವೇ. ಕೆಡುಕಿನಿಂದ ಮನೆಯವರನ್ನು ರಕ್ಷಿಸಬೇಕು. ಅಗತ್ಯಬಿದ್ದರೆ ಸಂಗವನ್ನು ಬಿಡಬೇಕು, ನ್ಯಾಯಾಲಯಕ್ಕೂ ಹೋಗಬೇಕು. ಮಾಡಬಾರದ್ದು ಒಂದೇ: ಉದ್ಧಾರದ ಬಾಗಿಲಿಗೆ ನಮ್ಮ ಕೈಯಿಂದ ಬೀಗ ಹಾಕುವುದು. ಆ ಬೀಗದ ಕೈ ನಮ್ಮಲ್ಲಿಲ್ಲ.

ಹಾಗಾದರೆ ದುರ್ಯೋಧನನ ಕಥೆಯನ್ನು ನಾವು ಓದುವುದೇತಕ್ಕೆ? ನೆರೆಯವನನ್ನು ಅಳೆಯುವುದಕ್ಕಲ್ಲ, ನಮ್ಮನ್ನು ಪರೀಕ್ಷಿಸಿಕೊಳ್ಳುವುದಕ್ಕೆ. ಯಾರಾದರೂ ಉಪಕಾರ ಮಾಡಿದಾಗ ಒಳಗೆ ಚುಚ್ಚಿದಂತಾಗುತ್ತದೆಯೆ? ದಾಯಾದಿಯ ಮನೆಯ ಒಳ್ಳೆಯ ಸುದ್ದಿ ಕಿವಿಗೆ ಕಹಿಯಾಗುತ್ತದೆಯೆ? ಪರರ ಸದ್ಗುಣವೇ ನಮ್ಮ ಸಿಟ್ಟಿಗೆ ಕಾರಣವಾಗುತ್ತದೆಯೆ? ಅಂತಹ ಗಳಿಗೆಯಲ್ಲಿ ಕಲಿಯು ಹೊಸ್ತಿಲಲ್ಲಿ ನಿಂತಿದ್ದಾನೆಂದು ತಿಳಿಯಬೇಕು. ಹಾಗೆಂದು ಎದೆಗುಂದಬೇಕಾಗಿಲ್ಲ. ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಆಸುರೀ ಸಂಪತ್ತನ್ನು ಹೆಸರಿಸಿದೊಡನೆಯೇ ಭಗವಂತನು ಅರ್ಜುನನಿಗೆ, ದುಃಖಿಸಬೇಡ, ನೀನು ದೈವೀ ಸಂಪತ್ತಿಗೆ ಸೇರಿದವನೆಂದು ಧೈರ್ಯ ಹೇಳಿದನು. ತಪ್ಪಿಗೆ ಅಂಜಿ, ಉಪಕಾರಕ್ಕೆ ಕಣ್ಣೀರಾಗಿ, ಹರಿನಾಮಕ್ಕೆ ಕಿವಿಯೊಡ್ಡುವವನು ಆ ಮಾತನ್ನು ತನಗೂ ಅನ್ವಯಿಸಿಕೊಳ್ಳಬಹುದು.

ಮುಂದಿನ ಬಾರಿ ಊರಿನ ರಂಗದಲ್ಲಿ ದುರ್ಯೋಧನನು ಗದೆಯೆತ್ತಿ ನಿಂತಾಗ ಕಿರಿಯರು ಚಪ್ಪಾಳೆ ತಟ್ಟಲಿ. ಅವನ ಶೌರ್ಯವು ಅದಕ್ಕೆ ಅರ್ಹವೇ. ಮನೆಗೆ ಬಂದ ಮೇಲೆ ಹಿರಿಯರು ಅವರಿಗೆ ದ್ವೈತವನದ ಕಥೆಯನ್ನೂ ದ್ರೌಪದಿಯ ಬೇಡಿಕೆಯನ್ನೂ ಒಟ್ಟಿಗೆ ಹೇಳಲಿ.

ಶ್ರೀಕೃಷ್ಣಾರ್ಪಣಮಸ್ತು.