ಕೊಳ್ಳುವವನ ಪರಿಮಾಣ

ಒಂದು ವಸ್ತು ಅದಕ್ಕಾಗಿ ತೆರಬೇಕಾದ ಹಣಕ್ಕೆ ತಕ್ಕುದೇ ಅಲ್ಲವೇ ಎಂಬ ಪ್ರಶ್ನೆಯನ್ನು ನಾವು ಸಾಧಾರಣವಾಗಿ ಅಂಗಡಿಯೊಳಗೆ ನಿಂತು, ವಸ್ತುವನ್ನು ಕೈಯಲ್ಲಿ ಹಿಡಿದು, ಅದರ ನುಣುಪನ್ನೋ ಹೊಳಪನ್ನೋ ಪರೀಕ್ಷಿಸುತ್ತಿರುವಾಗ ಕೇಳಿಕೊಳ್ಳುತ್ತೇವೆ. ಎಂದರೆ, ನ್ಯಾಯಾಧೀಶನಾಗಬೇಕಾದ ವಿವೇಕವು ಆಗಲೇ ಒಬ್ಬ ಕಕ್ಷಿದಾರನ ಜಗುಲಿಯ ಮೇಲೆ ಕುಳಿತು ಅವನಿತ್ತ ತಾಂಬೂಲವನ್ನು ಮೆಲ್ಲುತ್ತಿರುವಾಗ. ಆ ಗಳಿಗೆಯಲ್ಲಿ ಹೊರಬೀಳುವ ತೀರ್ಪು ಬಹುಮಟ್ಟಿಗೆ ಆಸೆಯೇ ಬರೆದುಕೊಟ್ಟದ್ದು. ಬೆಲೆಯ ಮೂಲವು ಶ್ರಮದಲ್ಲಿದೆಯೋ, ಉಪಯೋಗದಲ್ಲಿದೆಯೋ, ಅಭಾವದಲ್ಲಿದೆಯೋ ಎಂದು ಅರ್ಥಶಾಸ್ತ್ರಜ್ಞರು ನಡೆಸಿರುವ ವಾದ ದೀರ್ಘವಾದುದು. ಅದು ಇಲ್ಲಿಗೆ ಬೇಡ. ಈ ಪ್ರಶ್ನೆಯನ್ನು ಕೇಳಿಕೊಳ್ಳಲು ಉಚಿತವಾದ ಕಾಲ ಯಾವುದು ಎಂಬ ವಿಷಯದಲ್ಲಿ ಜೈನಾಚಾರ್ಯರು ತಳೆದ ನಿಲುವು ನನಗೆ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ.

ಮುನಿಗೆ ಅಪರಿಗ್ರಹವು ಮಹಾವ್ರತ. ಅವನು ಸಮಸ್ತವನ್ನೂ ತೊರೆದವನಾದುದರಿಂದ ಕೊಳ್ಳುವ ಚಿಂತೆಯೇ ಅವನಿಗಿಲ್ಲ. ಹೆಂಡಿರು ಮಕ್ಕಳನ್ನು ಸಾಕಬೇಕಾದ ಶ್ರಾವಕನಿಗೋ, ಅದೇ ಧರ್ಮವು ಅಣುವ್ರತವಾಗಿ ಇಳಿದು ಪರಿಗ್ರಹ ಪರಿಮಾಣವೆಂಬ ಹೆಸರನ್ನು ತಾಳುತ್ತದೆ. ಹೊಲ ಮನೆ, ಬೆಳ್ಳಿ ಬಂಗಾರ, ಧನ ಧಾನ್ಯ, ದಾಸೀ ದಾಸರು, ವಸ್ತ್ರ ಪಾತ್ರೆಗಳೇ ಮೊದಲಾದ ಮನೆಯ ಸಾಮಗ್ರಿ ಎಂದು ಉಮಾಸ್ವಾಮಿಯ ತತ್ತ್ವಾರ್ಥಸೂತ್ರವು ಪರಿಗ್ರಹದ ವರ್ಗಗಳನ್ನು ಹೆಸರಿಸಿ, ಇವುಗಳ ಪ್ರಮಾಣವನ್ನು ಮೀರುವುದು ವ್ರತಕ್ಕೆ ಅತಿಚಾರವೆಂದು ಹೇಳುತ್ತದೆಯೇ ಹೊರತು ಆ ಪ್ರಮಾಣ ಎಷ್ಟೆಂದು ಹೇಳುವುದಿಲ್ಲ. ಈ ಮೌನವು ಅರ್ಥವತ್ತಾದುದು. ರಾಜನ ಪ್ರಮಾಣ ಒಂದು, ಒಕ್ಕಲಿಗನದು ಮತ್ತೊಂದು. ಆದರೆ ಇಬ್ಬರೂ ಅದನ್ನು ವಸ್ತುವು ಕಣ್ಣಿಗೆ ಬೀಳುವುದಕ್ಕೆ ಮೊದಲೇ, ಮನಸ್ಸು ಶಾಂತವಾಗಿರುವಾಗ ನಿಶ್ಚಯಿಸಿಕೊಳ್ಳತಕ್ಕದ್ದು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಇನ್ನೂ ಸೂಕ್ಷ್ಮವಾಗಿ ವಿಚಾರಿಸುತ್ತದೆ. ಅನ್ನದಂತೆ ಒಮ್ಮೆ ಅನುಭವಿಸಿ ಬಿಡತಕ್ಕದ್ದು ಭೋಗ. ವಸ್ತ್ರದಂತೆ ಮರಳಿ ಮರಳಿ ಅನುಭವಕ್ಕೆ ಒದಗತಕ್ಕದ್ದು ಉಪಭೋಗ. ಎರಡಕ್ಕೂ ಮಿತಿ ಬೇಕು. ಆ ಮಿತಿಯು ಕಾಲಾವಧಿಯುಳ್ಳದ್ದಾದರೆ ನಿಯಮ, ಯಾವಜ್ಜೀವವಾದರೆ ಯಮ. ಈ ವಿಭಾಗವನ್ನು ಹಿಡಿದು ನಮ್ಮ ಮನೆಗಳ ಪೆಟ್ಟಿಗೆಗಳನ್ನು ಶೋಧಿಸಿದರೆ ವಿಚಿತ್ರವಾದೊಂದು ಸಂಗತಿ ಕಾಣುತ್ತದೆ: ಉಪಭೋಗವೆಂದು ಹೇರಳವಾಗಿ ಹಣ ತೆತ್ತು ತಂದ ರೇಷ್ಮೆಯ ಸೀರೆ ಒಂದು ಮದುವೆಯ ಮನೆಯನ್ನು ಕಂಡು ಬಂದು ನುಸಿಗುಳಿಗೆಗಳ ನಡುವೆ ಮಲಗಿದ್ದರೆ, ಅದು ಆಗಿಹೋದ ಊಟದಂತೆ ಭೋಗವಾಗಿಯೇ ಮುಗಿಯಿತು, ಅದಕ್ಕೆ ಕೊಟ್ಟದ್ದು ಮಾತ್ರ ಉಪಭೋಗದ ಬೆಲೆ.

ಮೊದಲೇ ಮಿತಿಯನ್ನು ಗೊತ್ತುಮಾಡಿದ ಮಾತ್ರಕ್ಕೆ ಮನಸ್ಸು ತನ್ನ ಕೌಶಲವನ್ನು ಬಿಟ್ಟುಕೊಡುವುದೆಂದು ಆಚಾರ್ಯರು ಭ್ರಮಿಸಲಿಲ್ಲ. ಹನ್ನೆರಡನೆಯ ಶತಮಾನದ ಹೇಮಚಂದ್ರರೇ ಮೊದಲಾದ ಶ್ವೇತಾಂಬರ ಆಚಾರ್ಯರು ವಿವರಿಸುವ ಅತಿಚಾರಗಳನ್ನು ನೋಡಿದರೆ, ಅವರು ಮನುಷ್ಯನನ್ನು ಎಷ್ಟು ಹತ್ತಿರದಿಂದ ಬಲ್ಲವರಾಗಿದ್ದರೆಂದು ನಗು ಬರುತ್ತದೆ. ಒಂದೇ ಹೊಲವೆಂದು ವ್ರತ ತೊಟ್ಟವನು ನೆರೆಯ ಹೊಲವನ್ನು ಕೊಂಡು, ನಡುವಣ ಬದುವನ್ನು ಕಿತ್ತುಹಾಕಿ, ಈಗಲೂ ನನ್ನದು ಒಂದೇ ಹೊಲವೆನ್ನುತ್ತಾನೆ. ಮನೆಗಳೆರಡರ ನಡುವಣ ಗೋಡೆಯನ್ನು ಒಡೆದು ಒಂದೇ ಮನೆಯೆಂದು ಎಣಿಸುತ್ತಾನೆ. ಎರಡಕ್ಕೆ ಮೂರು ಎಂಬ ರಿಯಾಯಿತಿಯನ್ನು ಕಂಡು ಮೂರನೆಯದನ್ನು ಲೆಕ್ಕಕ್ಕೆ ಹಿಡಿಯದೆ ಮನೆಗೆ ತರುವ ನಾವು, ತಿಂಗಳ ಕಂತನ್ನೇ ಬೆಲೆಯೆಂದು ಭಾವಿಸುವ ನಾವು, ಅಂಥ ಬದುಗಳನ್ನು ದಿನವೂ ಕೀಳುತ್ತಲೇ ಇದ್ದೇವೆ.

ಆದರೆ ಇಲ್ಲೊಂದು ಆಕ್ಷೇಪ ಏಳುತ್ತದೆ. ಪ್ರತಿಯೊಂದು ವಸ್ತುವನ್ನೂ ಬೆಲೆಗೆ ತಕ್ಕುದಲ್ಲವೆಂದು ತಳ್ಳುವ ಲೋಭಿಗೂ ಈ ವ್ರತಸ್ಥನಿಗೂ ಹೊರನೋಟಕ್ಕೆ ಭೇದವೇನು? ಪುರಂದರದಾಸರ ಪೂರ್ವಾಶ್ರಮವನ್ನು ಕುರಿತ ಐತಿಹ್ಯದಲ್ಲಿ, ಮಗನ ಉಪನಯನಕ್ಕೆಂದು ಬೇಡಿಬಂದ ವೃದ್ಧನಿಗೆ ಹಿಡಿಗಾಸನ್ನೂ ಕೊಡದ ಶ್ರೀನಿವಾಸ ನಾಯಕನು, ಹೆಂಡತಿ ಅದೇ ವೃದ್ಧನಿಗೆ ದಾನವಿತ್ತ ಮೂಗುತಿಯು ತನ್ನ ಅಂಗಡಿಗೆ ಬಂದೊಡನೆ ಅದರ ಮೌಲ್ಯವನ್ನು ಅರಿಯುವುದರಲ್ಲಿ ಕಿಂಚಿತ್ತೂ ಎಡವಲಿಲ್ಲ. ಚಿನ್ನದ ಬೆಲೆಯನ್ನು ಅವನಷ್ಟು ಬಲ್ಲವರಿರಲಿಲ್ಲ. ಅವನಿಗಿಲ್ಲದಿದ್ದುದು ಮಿತಿ: ಖರ್ಚಿಗೆ ಕಟ್ಟಿದ ಕಟ್ಟನ್ನು ಅವನು ಗಳಿಕೆಗೆ ಕಟ್ಟಿರಲಿಲ್ಲ. ಪರಿಮಾಣವು ಇರುವುದು ಪರಿಗ್ರಹಕ್ಕೆ. ಹಣವೂ ಪರಿಗ್ರಹವೇ ಆದುದರಿಂದ, ಕೊಳ್ಳದೆ ಉಳಿಸಿದ್ದು ಪೆಟ್ಟಿಗೆಯಲ್ಲಿ ಬೆಳೆಯುತ್ತ ಹೋದರೆ ವ್ರತವು ಆ ಕಡೆಯಿಂದ ಮುರಿಯಿತು.

ಇನ್ನೊಂದು ತೊಡಕು ಇದಕ್ಕಿಂತ ಗಹನವಾದುದು. ಕೊಡುವ ಹಣವನ್ನು ತನ್ನ ಸುಖದೊಡನೆ ತೂಗುವವನು, ಆ ಹಣವು ಯಾರ ಒಲೆಯನ್ನು ಉರಿಸುತ್ತದೆಂಬುದನ್ನು ತಕ್ಕಡಿಗೆ ಹಾಕುವುದೇ ಇಲ್ಲ. 1935ರಲ್ಲಿ ಗಾಂಧೀಜಿಯವರ ಒತ್ತಾಯದ ಮೇರೆಗೆ ಅಖಿಲ ಭಾರತ ಚರಕಾ ಸಂಘವು ನೂಲುವವರಿಗೆ ಜೀವನಕ್ಕೆ ಸಾಲುವಷ್ಟು ಕೂಲಿ ದೊರೆಯಬೇಕೆಂದು ನಿರ್ಣಯಿಸಿದಾಗ, ಮೊದಲೇ ಗಿರಣಿಯ ಬಟ್ಟೆಗಿಂತ ದುಬಾರಿಯಾಗಿದ್ದ ಖಾದಿ ಇನ್ನೂ ದುಬಾರಿಯಾಗುವುದು ಸ್ಪಷ್ಟವಿತ್ತು. ಮಾರಾಟ ಕುಸಿದೀತೆಂದು ಖಾದಿಯ ಕಾರ್ಯಕರ್ತರಲ್ಲೇ ಹಲವರು ಅಂಜಿದರು. ಅಂಜಿಕೆ ನಿರಾಧಾರವಾದುದೇನಲ್ಲ. ಉಡಲು ಎರಡನೆಯ ಪಂಚೆಯಿಲ್ಲದ ಕೂಲಿಕಾರನು ಅಗ್ಗದ ಗಿರಣಿಯ ಬಟ್ಟೆಯನ್ನು ಕೊಂಡರೆ ಅವನಿಗೆ ಧರ್ಮೋಪದೇಶ ಮಾಡುವುದು ನಿರ್ದಯತೆಯೇ ಸರಿ. ಆದರೆ ವರ್ಷಕ್ಕೆ ಎಂಟು ಪಂಚೆ ಕೊಳ್ಳಬಲ್ಲ ಗೃಹಸ್ಥನು ನಾಲ್ಕೇ ಸಾಕೆಂದು ನಿಯಮ ತೊಟ್ಟನಾದರೆ, ಒಂದೂವರೆ ಪಾಲು ಬೆಲೆಯ ಖಾದಿಯನ್ನು ಕೊಂಡರೂ ಅವನ ವೆಚ್ಚ ಹಿಂದಿನದಕ್ಕಿಂತ ಕಡಿಮೆಯೇ ಆಗುತ್ತದೆ. ಚೌಕಾಸಿಗೆ ಇಳಿಯುವ ಬದಲು ನೂಲಿದವಳಿಗೆ ಸಂದ ಕೂಲಿ ಎಷ್ಟೆಂದು ಅವನು ಅಂಗಡಿಯವನನ್ನು ಕೇಳಬಹುದು.