ಕಂಠ ಯಾರದು, ಹೆಸರು ಯಾರದು?

ಹಳೆಯ ಚಲನಚಿತ್ರವೊಂದು ಹೊಸ ಡಿಸ್ಕ್ ಆಗಿ ಮನೆಗೆ ಬಂದಾಗ ನಾವು ಕೇಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ಚಿತ್ರ ಸ್ವಚ್ಛವಾಗಿದೆಯೇ? ಬಣ್ಣ ಮಾಸಿಲ್ಲವಷ್ಟೆ? ಧ್ವನಿ ಸ್ಪಷ್ಟವಾಗಿ ಕೇಳಿಸುತ್ತದೆಯೇ? ಚಿತ್ರದ ಜೊತೆಗೆ ಇನ್ನೇನು ಕೊಟ್ಟಿದ್ದಾರೆ? ದುಡ್ಡು ಕೊಟ್ಟು ಕೊಳ್ಳುವವರು ಇವನ್ನೆಲ್ಲ ಕೇಳಲೇಬೇಕು. ಆದರೆ ಇವುಗಳ ಜೊತೆಗೆ ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಈ ಚಿತ್ರಕ್ಕಾಗಿ ದುಡಿದವರಲ್ಲಿ ಯಾರ ಹೆಸರು ಮುಚ್ಚಿಹೋಗಿತ್ತೋ ಅವರ ಹೆಸರನ್ನು ಈ ಹೊಸ ಆವೃತ್ತಿ ಹೊರಗೆ ತಂದಿದೆಯೇ? ಇದು ತಂತ್ರಜ್ಞಾನದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ. ಇದನ್ನು ಕೇಳಲು ಹಾಲಿವುಡ್‌ನ 'ಸಿಂಗಿನ್ ಇನ್ ದ ರೇನ್' ಚಿತ್ರಕ್ಕಿಂತ ತಕ್ಕ ಉದಾಹರಣೆ ಸಿಗುವುದು ಕಷ್ಟ. ಏಕೆಂದರೆ ಆ ಚಿತ್ರದ ಕತೆಯೇ ಈ ಪ್ರಶ್ನೆಯ ಮೇಲೆ ನಿಂತಿದೆ.

ಜೀನ್ ಕೆಲ್ಲಿ ಮತ್ತು ಸ್ಟ್ಯಾನ್ಲಿ ಡೋನನ್ ನಿರ್ದೇಶಿಸಿದ ಈ ಪ್ರಣಯ ಹಾಸ್ಯಚಿತ್ರವನ್ನು ಎಂಜಿಎಂ ಸಂಸ್ಥೆ 1952ರಲ್ಲಿ ಬಿಡುಗಡೆ ಮಾಡಿತು. ಕತೆ ನಡೆಯುವುದು ಅದಕ್ಕೂ 25 ವರ್ಷ ಹಿಂದೆ, 1927ರಲ್ಲಿ. ಅದೇ ವರ್ಷದ ಅಕ್ಟೋಬರ್‌ನಲ್ಲಿ ವಾರ್ನರ್ ಸಂಸ್ಥೆಯ 'ದ ಜಾಝ್ ಸಿಂಗರ್' ತೆರೆಕಂಡು, ಮೂಕಿ ಚಿತ್ರಗಳ ಕಾಲ ಮುಗಿಯುತ್ತ ಬಂತು. ಕತೆಯಲ್ಲಿ ಡಾನ್ ಲಾಕ್‌ವುಡ್ ಮತ್ತು ಲೀನಾ ಲಮಾಂಟ್ ಮೂಕಿ ಯುಗದ ಜನಪ್ರಿಯ ಜೋಡಿ. ಮಾತಿನ ಚಿತ್ರ ಬಂದೊಡನೆ ಲೀನಾಳ ಕೀರಲು ಧ್ವನಿ ಬಯಲಾಗುತ್ತದೆ. ಪೂರ್ವಪ್ರದರ್ಶನದಲ್ಲಿ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಆಗ ಡಾನ್‌ನ ಗೆಳೆಯ ಕಾಸ್ಮೊ ಒಂದು ಉಪಾಯ ಹೇಳುತ್ತಾನೆ: ಕ್ಯಾತಿ ಸೆಲ್ಡನ್ ಎಂಬ ಹೊಸ ಹುಡುಗಿ ಮೈಕಿನ ಮುಂದೆ ನಿಂತು ಮಾತಾಡಲಿ, ಹಾಡಲಿ, ತೆರೆಯ ಮೇಲೆ ತುಟಿಯಾಡಿಸುವುದು ಲೀನಾ.

ಸುಳ್ಳು ಶುರುವಾಗುವುದೆಲ್ಲಿ?

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಒಬ್ಬರ ಮುಖಕ್ಕೆ ಇನ್ನೊಬ್ಬರ ಕಂಠ ಜೋಡಿಸುವುದನ್ನು ಚಿತ್ರವು ತಪ್ಪೆಂದು ಹೇಳುವುದಿಲ್ಲ. ಕ್ಯಾತಿ ಒಪ್ಪಿಯೇ ಹಾಡುತ್ತಾಳೆ. ಆಕೆಯ ಹೆಸರನ್ನು ತೆರೆಯ ಮೇಲೆ ಹಾಕುವುದಾಗಿ ಸ್ಟುಡಿಯೊ ಮಾಲೀಕ ಸಿಂಪ್ಸನ್ ಮಾತು ಕೊಟ್ಟಿರುತ್ತಾನೆ. ತಪ್ಪು ನಡೆಯುವುದು ಆ ಮಾತು ಮುರಿದಾಗ. ವಿಷಯ ತಿಳಿದ ಲೀನಾ ತನ್ನ ಕರಾರುಪತ್ರವನ್ನು ಮುಂದಿಟ್ಟು ಮೊಕದ್ದಮೆಯ ಬೆದರಿಕೆ ಹಾಕುತ್ತಾಳೆ. ಕ್ಯಾತಿಯ ಹೆಸರು ಎಲ್ಲೂ ಬರಕೂಡದು, ಆಕೆ ಮುಂದೆಯೂ ತೆರೆಮರೆಯಲ್ಲೇ ನಿಂತು ತನಗಾಗಿ ಹಾಡುತ್ತಿರಬೇಕು ಎಂಬುದು ಅವಳ ಹಠ. ಕ್ಯಾತಿಯೂ ಸ್ಟುಡಿಯೊದ ಕರಾರಿಗೆ ಸಹಿ ಹಾಕಿದವಳೇ ಆದ್ದರಿಂದ ಬಾಯಿಬಿಡುವಂತಿಲ್ಲ. ಕಾಗದದ ಪ್ರಕಾರ ಎಲ್ಲವೂ ಸರಿಯಾಗಿದೆ. ಆದರೆ ನೋಡುವ ನಮಗೆ ಮಾತ್ರ ಇದು ಅನ್ಯಾಯವೆಂದು ತಟ್ಟನೆ ಅನಿಸುತ್ತದೆ.

ಹೀಗೇಕೆ ಅನಿಸುತ್ತದೆ? ನಟನೆಯೆಂದರೇ ವೇಷ. ರಾಜನ ಪಾತ್ರ ಮಾಡುವವನು ರಾಜನಲ್ಲವೆಂದು ಆಡುವವನಿಗೂ ಗೊತ್ತು, ನೋಡುವವನಿಗೂ ಗೊತ್ತು. ಇಬ್ಬರೂ ಒಪ್ಪಿ ಆಡುವ ಆಟದಲ್ಲಿ ಮೋಸವಿಲ್ಲ. ಕಂಠದಾನವೂ ಅಂತಹ ಒಂದು ವೇಷವೇ. ಆದರೆ ದುಡಿದವರ ಪಾಲಿನ ಗೌರವವನ್ನು ದುಡಿಯದವರು ತಮ್ಮ ಲೆಕ್ಕಕ್ಕೆ ಬರೆದುಕೊಂಡಾಗ ಆಟ ಅಲ್ಲಿಗೆ ಮುಗಿಯುತ್ತದೆ. ಕಲೆಯು ಕಲ್ಪನೆಯಿಂದ ಕೆಡುವುದಿಲ್ಲ, ಋಣವನ್ನು ನಿರಾಕರಿಸುವುದರಿಂದ ಕೆಡುತ್ತದೆ. ಕೊನೆಯ ದೃಶ್ಯದಲ್ಲಿ ಡಾನ್, ಕಾಸ್ಮೊ, ಸಿಂಪ್ಸನ್ ಮೂವರೂ ಸೇರಿ ಹಗ್ಗ ಎಳೆದು ಪರದೆ ಎತ್ತುತ್ತಾರೆ. ಮುಂದೆ ತುಟಿಯಾಡಿಸುತ್ತಿರುವ ಲೀನಾ, ಹಿಂದೆ ನಿಜವಾಗಿ ಹಾಡುತ್ತಿರುವ ಕ್ಯಾತಿ ಇಬ್ಬರೂ ಸಭೆಗೆ ಕಾಣಿಸುತ್ತಾರೆ. ನಾಚಿ ಓಡುವ ಕ್ಯಾತಿಯನ್ನು ತೋರಿಸಿ, ನೀವು ಮೆಚ್ಚಿದ ದನಿ ಈಕೆಯದೆಂದು ಡಾನ್ ಕೂಗಿ ಹೇಳುತ್ತಾನೆ. ಸತ್ಯಕ್ಕೆ ಜಯವಾಯಿತೆಂದು ನಾವು ಸಮಾಧಾನಪಡುತ್ತೇವೆ.

ಚಿತ್ರದ ಹೊರಗಿನ ಪರದೆ

ಆದರೆ ಕತೆಯ ಹೊರಗೆ ನಡೆದದ್ದೇ ಬೇರೆ. ಕ್ಯಾತಿಯ ಪಾತ್ರ ಮಾಡಿದವರು ಹತ್ತೊಂಬತ್ತು ವರ್ಷದ ಡೆಬ್ಬಿ ರೆನಾಲ್ಡ್ಸ್. ಲೀನಾಳಿಗಾಗಿ ಕ್ಯಾತಿ ಹಾಡುವ 'ವುಡ್ ಯೂ?' ಹಾಡಿನ ಕಂಠ ಡೆಬ್ಬಿಯವರದಲ್ಲ, ಬೆಟ್ಟಿ ನಾಯ್ಸ್ ಎಂಬ ಗಾಯಕಿಯದು. ಕ್ಯಾತಿ ಮೈಕಿನ ಮುಂದೆ ನಿಂತು ಲೀನಾಳ ಮಾತುಗಳನ್ನು ಆಡುವ ದೃಶ್ಯದಲ್ಲಿ ಕೇಳಿಸುವ ಮೃದುವಾದ ದನಿಯೋ, ಲೀನಾಳ ಪಾತ್ರಧಾರಿ ಜೀನ್ ಹೇಗನ್ ಅವರ ಸಹಜ ಧ್ವನಿ! ಅಂದರೆ ಕೀರಲು ಧ್ವನಿಯವಳೆಂದು ನಾವು ಯಾರನ್ನು ನೋಡಿ ನಗುತ್ತೇವೋ ಅವರೇ ಆ ಸೊಗಸಾದ ದನಿಯ ಒಡತಿ. ಹೇಗನ್ ಅವರಿಗೆ ಈ ಪಾತ್ರಕ್ಕಾಗಿ ಆಸ್ಕರ್ ನಾಮಕರಣವಾದರೂ ದೊರೆಯಿತು. ಬೆಟ್ಟಿ ನಾಯ್ಸ್ ಅವರ ಹೆಸರು ಚಿತ್ರದ ಶೀರ್ಷಿಕೆಗಳಲ್ಲಿ ಎಲ್ಲಿಯೂ ಇಲ್ಲ. ಅವರಿಗೆ ಹೀಗಾದದ್ದು ಮೊದಲ ಸಲವೂ ಅಲ್ಲ. 1941ರ 'ಡಂಬೊ' ಚಿತ್ರದ ಪ್ರಸಿದ್ಧ ಜೋಗುಳ ಹಾಡಿದವರೂ ಅವರೇ. ಅಲ್ಲಿಯೂ ಅವರ ಹೆಸರು ಬರಲಿಲ್ಲ.

ಕಂಠದ ಋಣ ಮುಚ್ಚಿಡುವುದು ಅನ್ಯಾಯವೆಂದು ಬೋಧಿಸುವ ಚಿತ್ರವೇ ಒಬ್ಬ ಗಾಯಕಿಯ ಋಣವನ್ನು ಮುಚ್ಚಿಟ್ಟಿತು. ಈ ಚಿತ್ರದಲ್ಲಿ ಡೊನಾಲ್ಡ್ ಓಕಾನರ್ ಗೋಡೆ ಹತ್ತಿ, ಬಿದ್ದು, ಎದ್ದು ಕುಣಿಯುವ 'ಮೇಕ್ ಎಮ್ ಲಾಫ್' ಹಾಡಿನದೂ ಇಂತಹದೇ ಕತೆ. ಅದು 1948ರ 'ದ ಪೈರೇಟ್' ಚಿತ್ರಕ್ಕಾಗಿ ಕೋಲ್ ಪೋರ್ಟರ್ ರಚಿಸಿದ 'ಬಿ ಎ ಕ್ಲೌನ್' ಹಾಡನ್ನು ಎಷ್ಟು ಹೋಲುತ್ತದೆಂದರೆ, ನಿರ್ದೇಶಕ ಡೋನನ್ ಅವರೇ ಮುಂದೆ ಅದನ್ನು ನಕಲು ಎಂದು ಒಪ್ಪಿಕೊಂಡರು. ಎರಡೂ ಚಿತ್ರಗಳ ನಿರ್ಮಾಪಕ ಆರ್ಥರ್ ಫ್ರೀಡ್. ಆದರೂ ಪೋರ್ಟರ್ ಅವರಿಗೆ ಶೀರ್ಷಿಕೆಯಲ್ಲಿ ಜಾಗ ಸಿಗಲಿಲ್ಲ.

"ಬೆಟ್ಟಿ ನಾಯ್ಸ್ ಸಂಭಾವನೆ ಪಡೆದೇ ಹಾಡಿದ್ದಾರೆ, ಕರಾರಿಗೆ ಒಪ್ಪಿದ್ದಾರೆ, ಇನ್ನೇನು ಬೇಕು?" ಎಂದು ಕೇಳುವವರಿದ್ದಾರೆ. ಆ ಕಾಲದ ಪದ್ಧತಿಯೇ ಅದಾಗಿತ್ತು ಎನ್ನುವವರೂ ಇದ್ದಾರೆ. ಸ್ವಲ್ಪ ಯೋಚಿಸಿದರೆ ಇದು ಕತೆಯಲ್ಲಿ ಲೀನಾ ಹೂಡುವ ವಾದವೇ ಎಂಬುದು ತಿಳಿಯುತ್ತದೆ. ಅವಳೂ ಕರಾರುಪತ್ರವನ್ನೇ ತೋರಿಸುತ್ತಾಳೆ. ಆ ವಾದ ಅವಳ ಬಾಯಲ್ಲಿ ಸರಿಯಲ್ಲವಾದರೆ ಸ್ಟುಡಿಯೊದ ಬಾಯಲ್ಲಿ ಹೇಗೆ ಸರಿಯಾದೀತು? ಕೂಲಿ ಕೊಟ್ಟ ಮಾತ್ರಕ್ಕೆ ಋಣ ತೀರುವುದಿಲ್ಲ. ಕೂಲಿ ದುಡಿಮೆಯ ಹೊತ್ತಿಗೆ ಕೊಡುವ ಬೆಲೆ. ಹೆಸರು ಆ ದುಡಿಮೆ ತನ್ನದೆಂದು ಹೇಳಿಕೊಳ್ಳುವ ಹಕ್ಕು. ಹೆಸರಿದ್ದರೆ ನಾಳೆ ಇನ್ನೊಂದು ಅವಕಾಶ ಹುಡುಕಿಕೊಂಡು ಬರುತ್ತದೆ. ಹೆಸರಿಲ್ಲದಿದ್ದರೆ ಕೇಳುಗರ ಕೃತಜ್ಞತೆ ವಿಳಾಸ ತಪ್ಪಿದ ಕಾಗದದಂತೆ ಇನ್ಯಾರದೋ ಮನೆ ಸೇರುತ್ತದೆ.

ಹಾಗಾದರೆ ಚಿತ್ರ ಹೇಳಿದ ನೀತಿ ಸುಳ್ಳಾಯಿತೇ? ಇಲ್ಲ. ಹೇಳುವವನು ನಡೆಯದಿದ್ದ ಮಾತ್ರಕ್ಕೆ ಸತ್ಯ ಸುಳ್ಳಾಗುವುದಿಲ್ಲ, ಅದು ಹೇಳಿದವನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತದೆ. ಈ ಚಿತ್ರವನ್ನು ತೂಗಲು ನಮಗೆ ಹೊರಗಿನ ತಕ್ಕಡಿ ಬೇಕಿಲ್ಲ, ಅದರ ಕೊನೆಯ ದೃಶ್ಯವೇ ಸಾಕು.

ಡಿಸ್ಕ್ ಕೊಟ್ಟದ್ದೇನು?

ಹೋಮ್ ವಿಡಿಯೊದ ಮಹತ್ವ ಇರುವುದು ಇಲ್ಲಿಯೇ. ಚಿತ್ರಮಂದಿರದಲ್ಲಿ ಪರದೆ ಎತ್ತುವ ಹಗ್ಗ ಇನ್ನೊಬ್ಬರ ಕೈಯಲ್ಲಿರುತ್ತದೆ. ಮನೆಯಲ್ಲಿ ಅದು ನೋಡುವವರ ಕೈಯಲ್ಲಿದೆ. ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ಒಂದು ದನಿಯನ್ನು ಇನ್ನೊಂದರೊಡನೆ ಹೋಲಿಸಬಹುದು. 2002ರಲ್ಲಿ, ಚಿತ್ರಕ್ಕೆ 50 ವರ್ಷ ತುಂಬಿದಾಗ, ವಾರ್ನರ್ ಹೊರತಂದ ಎರಡು ಡಿಸ್ಕ್‌ಗಳ ಡಿವಿಡಿ ಈ ದೃಷ್ಟಿಯಿಂದ ಒಳ್ಳೆಯ ಕೆಲಸ ಮಾಡಿತು. ಅದರ ವ್ಯಾಖ್ಯಾನದ ಧ್ವನಿಪಥದಲ್ಲಿ ಡೆಬ್ಬಿ ರೆನಾಲ್ಡ್ಸ್, ಡೊನಾಲ್ಡ್ ಓಕಾನರ್, ಡೋನನ್, ಚಿತ್ರಕತೆ ಬರೆದ ಬೆಟ್ಟಿ ಕಾಮ್ಡೆನ್ ಮತ್ತು ಅಡಾಲ್ಫ್ ಗ್ರೀನ್ ಮುಂತಾದವರು ಮಾತಾಡಿದ್ದಾರೆ. ಚಿತ್ರದ ಬಹುತೇಕ ಹಾಡುಗಳು ಫ್ರೀಡ್ ಮತ್ತು ನೇಸಿಯೊ ಹರ್ಬ್ ಬ್ರೌನ್ ಹಿಂದೆಯೇ ಬೇರೆ ಚಿತ್ರಗಳಿಗೆ ಬರೆದಿದ್ದವು. ಆ ಹಳೆಯ ಚಿತ್ರಗಳ ತುಣುಕುಗಳನ್ನೂ ಡಿವಿಡಿಯಲ್ಲಿ ಕೊಟ್ಟಿದ್ದಾರೆ. ಚಿತ್ರದಿಂದ ಕತ್ತರಿಸಿದ್ದ, ಡೆಬ್ಬಿ ತಮ್ಮದೇ ಕಂಠದಲ್ಲಿ ಹಾಡಿದ 'ಯೂ ಆರ್ ಮೈ ಲಕ್ಕಿ ಸ್ಟಾರ್' ದೃಶ್ಯವೂ ನೋಡಲು ಸಿಗುತ್ತದೆ. ಕೇಳಿದರೆ ಅದು ಮುಚ್ಚಿಡಬೇಕಾದ ದನಿಯೇನೂ ಅಲ್ಲ.

ದುಡಿಮೆಯ ಕಷ್ಟ ಹೊರಬಂದದ್ದೂ ನೆನಪುಗಳ ಮೂಲಕವೇ. 'ಗುಡ್ ಮಾರ್ನಿಂಗ್' ನೃತ್ಯದ ಚಿತ್ರೀಕರಣ ಮುಗಿದಾಗ ತಮ್ಮ ಕಾಲುಗಳಿಂದ ರಕ್ತ ಸೋರುತ್ತಿತ್ತೆಂದು ಡೆಬ್ಬಿ ಹೇಳಿಕೊಂಡಿದ್ದಾರೆ. ಮಳೆಯ ಹಾಡಿನ ದಿನ ಕೆಲ್ಲಿಯವರಿಗೆ ವಿಪರೀತ ಜ್ವರವಿತ್ತು. ತೆರೆಯ ಮೇಲೆ ಹೂವಿನಂತೆ ಹಗುರವಾಗಿ ಕಾಣುವುದರ ಹಿಂದೆ ಎಷ್ಟು ಭಾರವಿತ್ತೆಂದು ತಿಳಿದಾಗ ನಮ್ಮ ಸಂತೋಷ ಕಡಿಮೆಯಾಗುವುದಿಲ್ಲ. ಅದಕ್ಕೆ ಗೌರವವೂ ಸೇರಿಕೊಳ್ಳುತ್ತದೆ.

2012ರಲ್ಲಿ 60 ವರ್ಷದ ನೆನಪಿಗೆ ಬಂದ ಪೆಟ್ಟಿಗೆಯಲ್ಲಿ ಡಿಸ್ಕ್‌ಗಳ ಜೊತೆ ಒಂದು ಕೊಡೆಯನ್ನೂ ಇಟ್ಟಿದ್ದರು. ನಾಯಕನು ಕೊಡೆ ಮಡಚಿ ಮಳೆಯಲ್ಲಿ ನೆನೆದು, ಕೊನೆಗೆ ಅದನ್ನು ದಾರಿಹೋಕನಿಗೆ ಕೊಟ್ಟುಬಿಡುವ ಹಾಡಿನ ನೆನಪಿಗೆ ಕೊಡೆ! ವ್ಯಾಪಾರಕ್ಕೆ ತನ್ನದೇ ಆದ ಹಾಸ್ಯಪ್ರಜ್ಞೆಯಿದೆ. 2022ರ 4ಕೆ ಆವೃತ್ತಿಯಲ್ಲಿ ಬಣ್ಣಗಳು ಹೊಳೆಯುತ್ತವೆ. 1978ರಲ್ಲಿ ಅಮೆರಿಕದ ರೋಚೆಸ್ಟರ್‌ನ ಜಾರ್ಜ್ ಈಸ್ಟ್‌ಮನ್ ಹೌಸ್ ಸಂಗ್ರಹಾಗಾರದಲ್ಲಿ ಬೆಂಕಿ ಬಿದ್ದು ಈ ಚಿತ್ರದ ಮೂಲ ನೆಗೆಟಿವ್‌ನ ಬಹುಪಾಲು ಸುಟ್ಟುಹೋಯಿತು. ಇಂದು ನಾವು ನೋಡುವುದು ಉಳಿದ ಪ್ರತಿಗಳಿಂದ ಮತ್ತೆ ಕಟ್ಟಿದ ಚಿತ್ರವನ್ನು. ಹೆಸರಿಲ್ಲದ ಎಷ್ಟೋ ತಂತ್ರಜ್ಞರ ತಾಳ್ಮೆ ಇದರಲ್ಲಿದೆ.

ಮನೆಯಲ್ಲಿ ಮತ್ತೆ ಮತ್ತೆ ನೋಡುವಾಗ ಇನ್ನೊಂದು ಮಾತೂ ಹೊಳೆಯುತ್ತದೆ. ನೂರಾರು ಜನರ ನಡುವೆ ಕುಳಿತಾಗ ಲೀನಾಳ ಧ್ವನಿಗೆ ನಗುವುದು ಸುಲಭ. ಒಬ್ಬರೇ ನೋಡುವಾಗ ಆ ನಗು ಅರ್ಧಕ್ಕೆ ನಿಲ್ಲುತ್ತದೆ. ಧ್ವನಿ, ಉಚ್ಚಾರ ಅವಳ ತಪ್ಪಲ್ಲ. ಅವಳ ತಪ್ಪು ಪರರ ದುಡಿಮೆಯನ್ನು ಕಬಳಿಸಿದ್ದು. ಅವಳನ್ನು ಬೆಳೆಸಿ, ಅವಳಿಂದ ಗಳಿಸಿದ ಸ್ಟುಡಿಯೊ ಕೊನೆಗೆ ತಾನೇ ನ್ಯಾಯಾಧೀಶನಂತೆ ಹಗ್ಗ ಎಳೆಯುತ್ತದೆ. ತಪ್ಪನ್ನು ಬಯಲು ಮಾಡುವುದಕ್ಕೂ ಮನುಷ್ಯರನ್ನು ಬಯಲಲ್ಲಿ ಅವಮಾನಿಸುವುದಕ್ಕೂ ಅಂತರವಿದೆ. ಆ ಅಂತರವನ್ನು ಚಿತ್ರ ಮರೆತಿದೆ.

ಹೆಸರು ಕೊಟ್ಟವರು

ಸಂಸ್ಥೆಗಳು ಕೊಡದ ಗೌರವವನ್ನು ವ್ಯಕ್ತಿಗಳು ಕೊಟ್ಟ ಉದಾಹರಣೆಗಳಿವೆ. 1956ರ 'ದ ಕಿಂಗ್ ಆ್ಯಂಡ್ ಐ' ಚಿತ್ರದಲ್ಲಿ ತಮಗಾಗಿ ಹಾಡಿದವರು ಮಾರ್ನಿ ನಿಕ್ಸನ್ ಎಂದು ನಟಿ ಡೆಬೊರಾ ಕೆರ್ ಬಹಿರಂಗವಾಗಿಯೇ ಹೇಳಿದರು. 'ವೆಸ್ಟ್ ಸೈಡ್ ಸ್ಟೋರಿ'ಗೆ ಹಾಡಿದ ಅದೇ ನಿಕ್ಸನ್ ಅವರಿಗೆ ಸಂಗೀತಗಾರ ಲಿಯೊನಾರ್ಡ್ ಬರ್ನ್‌ಸ್ಟೀನ್ ತಮ್ಮ ರಾಯಲ್ಟಿಯಲ್ಲಿ ಒಂದು ಪಾಲು ಬಿಟ್ಟುಕೊಟ್ಟರು.

ಹಿನ್ನೆಲೆ ಗಾಯನವನ್ನೇ ನೆಚ್ಚಿಕೊಂಡ ನಮ್ಮ ದೇಶದ ಚಿತ್ರರಂಗವೂ ಈ ಹಾದಿಯನ್ನು ಸವೆಸಿದೆ. 1949ರ 'ಮಹಲ್' ಚಿತ್ರದ ಹಾಡಿನ ರೆಕಾರ್ಡಿನ ಮೇಲೆ ಲತಾ ಮಂಗೇಶ್ಕರ್ ಅವರ ಹೆಸರಿರಲಿಲ್ಲ, ಪಾತ್ರದ ಹೆಸರಾದ 'ಕಾಮಿನಿ' ಎಂದಿತ್ತು. ಹಾಡಿದವರು ಯಾರೆಂದು ರೇಡಿಯೊ ಕೇಳುಗರು ಪತ್ರ ಬರೆದು ಕೇಳಿದ ಮೇಲೆಯೇ ಹೆಸರು ಹೊರಬಂತು. ಹಿನ್ನೆಲೆ ಗಾಯಕರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಶುರುವಾದದ್ದು 1959ರಲ್ಲಿ. ಕನ್ನಡದಲ್ಲಿ ಡಾ. ರಾಜ್‌ಕುಮಾರ್ ಅವರಿಗೆ ಅನೇಕ ವರ್ಷ ಹಾಡಿದವರು ಪಿ.ಬಿ. ಶ್ರೀನಿವಾಸ್. ತಾವು ಶರೀರ, ಶ್ರೀನಿವಾಸ್ ಶಾರೀರ ಎಂಬರ್ಥದ ಮಾತನ್ನು ರಾಜ್ ಆಡಿದ್ದು ಕನ್ನಡಿಗರಿಗೆ ತಿಳಿದೇ ಇದೆ. 1974ರ 'ಸಂಪತ್ತಿಗೆ ಸವಾಲ್' ನಂತರ ಅವರೇ ಹಾಡತೊಡಗಿದಾಗಲೂ ಆ ಋಣ ಮಾಸಲಿಲ್ಲ. ಆದರೆ ಹೊರರಾಜ್ಯಗಳ ನಾಯಕಿಯರಿಗೆ ಕನ್ನಡದಲ್ಲಿ ಮಾತು ಕೊಡುವ ಡಬ್ಬಿಂಗ್ ಕಲಾವಿದೆಯರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

ಇದು ಹಳೆಯ ಕಾಲದ ಚರ್ಚೆಯಲ್ಲ. ಇಂದು ಗಾಯಕರ ಗಂಟಲಿಲ್ಲದೆಯೇ ಅವರ ದನಿಯನ್ನು ಯಂತ್ರ ಹೊರಡಿಸುತ್ತದೆ. 2023ರಲ್ಲಿ ಹಾಲಿವುಡ್ ಕಲಾವಿದರು ನಡೆಸಿದ ದೀರ್ಘ ಮುಷ್ಕರದ ಕಾರಣಗಳಲ್ಲಿ ಇದೂ ಒಂದು. 2024ರಲ್ಲಿ ಎ.ಆರ್. ರೆಹಮಾನ್ 'ಲಾಲ್ ಸಲಾಂ' ತಮಿಳು ಚಿತ್ರದ ಹಾಡಿಗೆ ದಿವಂಗತ ಗಾಯಕರಾದ ಶಾಹುಲ್ ಹಮೀದ್ ಮತ್ತು ಬಂಬಾ ಬಾಕ್ಯಾ ಅವರ ದನಿಗಳನ್ನು ಹೀಗೆ ಬಳಸಿದರು. ಕುಟುಂಬಗಳ ಅನುಮತಿ ಪಡೆದು, ಸಂಭಾವನೆ ಕೊಟ್ಟು, ಹೆಸರು ಹೇಳಿಯೇ ಬಳಸಿದ್ದಾಗಿ ತಿಳಿಸಿದರು. ಸತ್ತವರ ದನಿ ಬಳಸುವುದು ಸರಿಯೇ ಎಂಬ ವಾದ ಮುಂದುವರಿಯಲಿ. ಒಪ್ಪಿಗೆ, ಪ್ರತಿಫಲ, ಹೆಸರು ಈ ಮೂರೂ ಇಲ್ಲದೆ ಬಳಸುವುದು ಕಳ್ಳತನ ಎಂಬುದರಲ್ಲಂತೂ ಎರಡು ಮಾತಿಲ್ಲ.

ಹಾಗೆಂದು ಹಳೆಯ ಚಿತ್ರದ ಶೀರ್ಷಿಕೆಗಳನ್ನು ಈಗ ತಿದ್ದಬೇಕೆಂದು ನಾವು ಹೇಳುವುದಿಲ್ಲ. ಅವು ಆ ಕಾಲದ ಸಾಕ್ಷ್ಯ, ಹಾಗೆಯೇ ಇರಲಿ. ಆದರೆ ಪ್ರತಿ ಹೊಸ ಆವೃತ್ತಿಯ ಹೊದಿಕೆಯ ಮೇಲೆ ನಟನಟಿಯರ ಹೆಸರುಗಳ ಕೆಳಗೆ "ಹಾಡಿದವರು ಬೆಟ್ಟಿ ನಾಯ್ಸ್" ಎಂಬ ಒಂದು ಸಾಲು ಸೇರಿಸಲು ಯಾವ ತಂತ್ರಜ್ಞಾನವೂ ಬೇಕಿಲ್ಲ, ಮನಸ್ಸಿದ್ದರೆ ಸಾಕು. ಚಿತ್ರದ ಪ್ರತಿಯೊಂದು ಮಳೆಹನಿಯನ್ನೂ ಸ್ಪಷ್ಟಗೊಳಿಸಲು ಇಷ್ಟು ಖರ್ಚು ಮಾಡುವವರಿಗೆ ಒಂದು ಹೆಸರನ್ನು ಸ್ಪಷ್ಟಗೊಳಿಸುವುದು ಭಾರವಾಗಬಾರದು. ನೋಡುವ ನಮಗೂ ಒಂದು ಕರ್ತವ್ಯವಿದೆ. ಹಾಡು ಇಷ್ಟವಾದಾಗ, ಮುಖ ನೋಡಿ ಸುಮ್ಮನಾಗದೆ ಇದನ್ನು ಹಾಡಿದವರು ಯಾರೆಂದು ಕೇಳೋಣ. 'ಮಹಲ್' ಚಿತ್ರದ ಕೇಳುಗರು ಮಾಡಿದ್ದು ಇಷ್ಟೇ. ಅವರು ಕೇಳಿದ್ದರಿಂದಲೇ ಉತ್ತರ ಬಂತು.